ಕಡಲ ಪ್ಲಾಸ್ಟಿಕ್ ತೆಗೆಯೋ ಕೆಲಸಕ್ಕೆ ದುಡ್ಡು ಕೊಡೋದಾದರೆ ಯಾರಿಗೆ ಕೊಡಬೇಕು?

ಕಡಲಿನ ಪ್ಲಾಸ್ಟಿಕ್ ತೆಗೆಯುವವರಿಗೆ ಕೈಲಾದಷ್ಟು ಕೊಡೋಣ ಅಂತ ಹೊರಟವರಿಗೆ ಮೊದಲು ಎದುರಾಗುವುದು ಗೊಂದಲ. ಪೆಸಿಫಿಕ್ ಸಾಗರದ ನಡುವೆ ಬಲೆ ಎಳೆಯುವವರಿದ್ದಾರೆ. ನದಿಗೆ ಅಡ್ಡಲಾಗಿ ತೇಲುವ ಬೇಲಿ ಕಟ್ಟುವವರಿದ್ದಾರೆ. ಭಾನುವಾರ ಬೆಳಿಗ್ಗೆ ಬೀಚ್ ಸ್ವಚ್ಛ ಮಾಡುವವರು, ಸಮುದ್ರದ ತಳದಿಂದ ಹರಿದ ಬಲೆ ಎತ್ತುವವರು, ಊರೊಳಗೆ ಒಣ ಕಸ ವಿಂಗಡಿಸುವವರು, 'ಈ ಬ್ರೇಸ್‌ಲೆಟ್ ಕೊಂಡರೆ ಅರ್ಧ ಕಿಲೋ ಪ್ಲಾಸ್ಟಿಕ್ ತೆಗೆಯುತ್ತೇವೆ' ಅನ್ನುವ ಕಂಪನಿಗಳು, ಹೀಗೆ ಪಟ್ಟಿ ಬೆಳೆಯುತ್ತದೆ. ಎಲ್ಲರ ಚಿತ್ರಗಳೂ ಮನಸ್ಸು ಕಲಕುತ್ತವೆ. ಆದರೆ ನಿಮ್ಮ ಹತ್ತಿರ ಇರುವುದು ತಿಂಗಳಿಗೆ ಐನೂರೋ ಸಾವಿರವೋ ರೂಪಾಯಿ, ಇಲ್ಲಾ ತಿಂಗಳಿಗೆ ಒಂದು ಭಾನುವಾರ. ಅದು ಎಲ್ಲಿಗೆ ಹೋದರೆ ಕಡಲಿಗೆ ಜಾಸ್ತಿ ಉಪಯೋಗ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೀನುಗಾರರು ಕಡಲಲ್ಲಿ ಕಳೆದುಕೊಂಡ ಬಲೆಗಳನ್ನು ಬಿಟ್ಟರೆ ಉಳಿದ ಪ್ಲಾಸ್ಟಿಕ್ಕನ್ನು ಕಡಲು ಸೇರುವ ಮೊದಲೇ ಹಿಡಿಯುವವರಿಗೆ ದುಡ್ಡು ಕೊಡಿ. ಬಲೆಗಳನ್ನು ಮಾತ್ರ ಕಡಲಿಂದಲೇ ಎತ್ತಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ಯಾಕೆ ಹೀಗೆ ಅಂತ ಒಂದೊಂದಾಗಿ ನೋಡೋಣ.

ಅಳೆಯೋದು ಯಾವುದರಿಂದ?

ಮೊದಲನೆಯದು, ಎಲ್ಲಿ ಹಿಡಿಯುತ್ತಾರೆ ಅನ್ನುವುದು. ಮನೆಯ ಒಣ ಕಸದ ಬುಟ್ಟಿಯಿಂದ ಕವರ್ ಎತ್ತುವುದು ಸುಲಭ. ಅದೇ ಕವರ್ ತೋಡಿಗೆ ಬಿದ್ದರೆ ಕಷ್ಟ, ಅಳಿವೆ ದಾಟಿದರೆ ಇನ್ನೂ ಕಷ್ಟ, ನಡುಗಡಲು ಸೇರಿದರೆ ಹಡಗೇ ಬೇಕು. ದೂರ ಹೋದಷ್ಟೂ ಅದು ಚೂರಾಗುತ್ತದೆ, ಒಂದು ಕಿಲೋ ಎತ್ತುವ ಖರ್ಚು ಏರುತ್ತದೆ. ಜೊತೆಗೆ, ಕಡಲಿಗೆ ಸೇರಿದ್ದರಲ್ಲಿ ಮೇಲೆ ತೇಲುವುದು ಸ್ವಲ್ಪವೇ. ಪಾಲಿಥೀನ್ ಕವರ್, ಬಾಟಲಿಯ ಮುಚ್ಚಳ ತೇಲುತ್ತವೆ. ಮುಚ್ಚಳ ತೆಗೆದ ನೀರಿನ ಬಾಟಲಿ ಮುಳುಗುತ್ತದೆ. ಬಹಳಷ್ಟು ತಳಕ್ಕೆ ಇಳಿಯುತ್ತದೆ, ಇಲ್ಲಾ ದಡಕ್ಕೇ ವಾಪಸ್ ಬರುತ್ತದೆ.

ಎರಡನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಎತ್ತಿದ್ದು ಎಲ್ಲಿಗೆ ಹೋಗುತ್ತದೆ? 2019ರ ಆಗಸ್ಟ್‌ನಲ್ಲಿ ಜೋರು ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಕುಸಿದು, ಕೆಳಗಿದ್ದ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಊರಿನ ಕಸವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಗುಡ್ಡ ಹಾಕಿದರೆ ಅದು ಯಾರದೋ ಅಂಗಳ ಸೇರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಬೀಚಿನ ಕಸ ತುಂಬಿದ ಚೀಲಗಳ ಫೋಟೋ ನೋಡಿದಾಗಲೆಲ್ಲ ಮುಂದಿನ ಲಾರಿ ಎಲ್ಲಿಗೆ ಹೋಯಿತು ಅಂತ ಕೇಳಿ.

ಮೂರನೆಯದು, ಆಗುವ ಹಾನಿ. ಎಲ್ಲ ಕಿಲೋಗಳೂ ಒಂದೇ ಅಲ್ಲ. ಒಂದು ಕಿಲೋ ಬಾಟಲಿಗಿಂತ ಒಂದು ಕಿಲೋ ಬಲೆ ಕೊಲ್ಲುವ ಜೀವಿಗಳು ಜಾಸ್ತಿ. ಅದರ ಜೊತೆಗೆ ಇನ್ನೆರಡು ಪ್ರಶ್ನೆ: ಕೆಲಸ ನಾಳೆಯೂ, ಮುಂದಿನ ವರ್ಷವೂ ನಡೆಯುತ್ತದಾ? ಲೆಕ್ಕ ಬಿಚ್ಚಿ ತೋರಿಸುತ್ತಾರಾ?

ನಡುಗಡಲಿನಿಂದ ಎತ್ತುವವರು

ಎಲ್ಲರಿಗೂ ಮೊದಲು ನೆನಪಾಗುವ ಹೆಸರು 'ದಿ ಓಷನ್ ಕ್ಲೀನಪ್'. ನೆದರ್‌ಲ್ಯಾಂಡ್ಸ್‌ನ ಬೊಯಾನ್ ಸ್ಲಾಟ್ 2013ರಲ್ಲಿ, ಇನ್ನೂ ಹದಿನೆಂಟರ ಹುಡುಗನಾಗಿದ್ದಾಗ ಶುರುಮಾಡಿದ ಸಂಸ್ಥೆ. ಹವಾಯಿ ಮತ್ತು ಕ್ಯಾಲಿಫೋರ್ನಿಯಾ ನಡುವೆ ಗಾಳಿ, ಸುತ್ತುವ ಪ್ರವಾಹಗಳಿಂದ ಪ್ಲಾಸ್ಟಿಕ್ ಬಂದು ಸೇರುವ ಜಾಗ ಇವರ ಗುರಿ. 2018ರ ಅಧ್ಯಯನದ ಪ್ರಕಾರ ಆ ಜಾಗದ ಹರಹು ಸುಮಾರು 16 ಲಕ್ಷ ಚದರ ಕಿಲೋಮೀಟರ್. ಅಲ್ಲಿ ತೇಲುತ್ತಿದ್ದದ್ದು ಸುಮಾರು 80 ಸಾವಿರ ಟನ್.

2018ರಲ್ಲಿ ಇವರು ಇಳಿಸಿದ ಮೊದಲ ವ್ಯವಸ್ಥೆ ಪ್ಲಾಸ್ಟಿಕ್ ಹಿಡಿದಿಟ್ಟುಕೊಳ್ಳಲಿಲ್ಲ, ಕೊನೆಗೆ ಮುರಿಯಿತು. ಅಲ್ಲಿಗೆ ಬಿಡದೆ 2021ರಲ್ಲಿ ಎರಡನೆಯದನ್ನು ಇಳಿಸಿ, ಕೆಲಸ ಸಾಗುತ್ತದೆ ಅಂತ ತೋರಿಸಿದರು. 2023ರಲ್ಲಿ ಬಂದ ಮೂರನೆಯದು ಎರಡು ಕಿಲೋಮೀಟರಿಗೂ ಉದ್ದ. ಎರಡು ಹಡಗುಗಳು ಅದನ್ನು ನಿಧಾನವಾಗಿ ಎಳೆಯುತ್ತವೆ. ಈ ಹಟ ನನಗೆ ಇಷ್ಟ. ಕಡಲ ಪ್ಲಾಸ್ಟಿಕ್ ಬಗ್ಗೆ ಜಗತ್ತು ಮಾತಾಡುವಂತೆ ಮಾಡಿದವರಲ್ಲಿ ಇವರೂ ಇದ್ದಾರೆ.

ಆದರೆ ಲೆಕ್ಕ ನೋಡಿ. ಆ ಜಾಗವನ್ನು ಹತ್ತು ವರ್ಷದಲ್ಲಿ ಸ್ವಚ್ಛ ಮಾಡಲು 750 ಕೋಟಿ ಡಾಲರ್ ಬೇಕು ಅಂತ 2024ರಲ್ಲಿ ಅವರೇ ಹೇಳಿದರು. 80 ಸಾವಿರ ಟನ್ನಿಗೆ ಭಾಗಿಸಿದರೆ ಕಿಲೋಗೆ 90 ಡಾಲರಿಗಿಂತ ಮೇಲೆ. ಆಮೇಲೆ ಬಂದು ಸೇರಿದ್ದು ಇದರಲ್ಲಿ ಇಲ್ಲ, ಹಾಗಾಗಿ ಇದು ಒರಟು ಲೆಕ್ಕ. ಆದರೂ ಅಂದಾಜು ಸಿಗುತ್ತದೆ. ಇನ್ನೊಂದು ಆತಂಕವೂ ಇದೆ. ನೀರಿನ ಮೇಲ್ಪದರದಲ್ಲೇ ತೇಲುತ್ತಾ ಬದುಕುವ ನೀಲಿ ಬಸವನಹುಳು, ಹಾಯಿಯಂಥ ರೆಕ್ಕೆಯ ಪುಟ್ಟ ಜೀವಿಗಳೂ ಅದೇ ಪ್ರವಾಹದಲ್ಲಿ ಅಲ್ಲೇ ಬಂದು ಸೇರುತ್ತವೆ. ಬಲೆಗೆ ಅವೂ ಸಿಗುತ್ತವೆ ಅಂತ ಕಡಲ ಜೀವವಿಜ್ಞಾನಿಗಳು ಎಚ್ಚರಿಸುತ್ತಿದ್ದಾರೆ.

ಅಲ್ಲಿರುವ ತೂಕದಲ್ಲಿ ಸುಮಾರು ಶೇಕಡಾ 46 ಪಾಲು ಮೀನಿನ ಬಲೆಗಳು. 2022ರ ಇನ್ನೊಂದು ಅಧ್ಯಯನದಲ್ಲಿ ಊರು ಗುರುತು ಸಿಕ್ಕ ವಸ್ತುಗಳಲ್ಲಿ ಹೆಚ್ಚಿನವು ಜಪಾನ್, ಚೀನಾ, ದಕ್ಷಿಣ ಕೊರಿಯಾ, ಅಮೆರಿಕ, ತೈವಾನಿನವು. ಅರಬ್ಬಿ ಸಮುದ್ರದ ಕಸ ತೆಗೆಯಬೇಕು ಅನ್ನುವ ಆಸೆ ನಿಮ್ಮದಾದರೆ ಆ ದುಡ್ಡು ಇಲ್ಲಿಗೆ ಬರುವುದಿಲ್ಲ. ಇದು ದೊಡ್ಡ ಕಂಪನಿಗಳು, ಸರ್ಕಾರಗಳು ಹೊರಬೇಕಾದ ಖರ್ಚು ಅನ್ನುವುದು ನನ್ನ ಅನಿಸಿಕೆ. ತಿಂಗಳಿಗೆ ಐನೂರು ಕೊಡುವವರು ಇಲ್ಲಿಂದ ಶುರುಮಾಡುವುದು ಬೇಡ.

ನದಿಯಲ್ಲೇ ತಡೆಯುವವರು

2021ರಲ್ಲಿ ಬಂದ ಒಂದು ಅಧ್ಯಯನ ಕಣ್ಣು ತೆರೆಸುವಂಥದ್ದು. ಅಲ್ಲಿಯವರೆಗೆ ಕೆಲವೇ ಮಹಾನದಿಗಳು ಪ್ಲಾಸ್ಟಿಕ್ ಸುರಿಯುತ್ತವೆ ಅನ್ನುವ ನಂಬಿಕೆ ಇತ್ತು. ಈ ಅಧ್ಯಯನದ ಪ್ರಕಾರ ನದಿಗಳಿಂದ ಬರುವುದರಲ್ಲಿ ಶೇಕಡಾ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಿಂದ ಬರುತ್ತದೆ. ಅವುಗಳಲ್ಲಿ ಕರಾವಳಿ ಪಟ್ಟಣಗಳ ನಡುವೆ ಹರಿಯುವ ಸಣ್ಣ ನದಿಗಳ ಪಾಲು ದೊಡ್ಡದು. ಕಡಲು ಹತ್ತಿರ ಇರಬೇಕು, ಮಳೆ ಜೋರಾಗಿರಬೇಕು, ಕಸ ಎತ್ತುವ ವ್ಯವಸ್ಥೆ ಸಡಿಲವಾಗಿರಬೇಕು. ಇಷ್ಟಿದ್ದರೆ ಸಾಕು.

ನಮ್ಮ ಕರಾವಳಿಗೆ ಈ ಮಾತು ಎಷ್ಟು ಹೊಂದುತ್ತದೆ ನೋಡಿ. ಬೆಂಗಳೂರಿನ ರಾಜಕಾಲುವೆಗೆ ಬಿದ್ದ ಕವರ್ ವೃಷಭಾವತಿ, ಅರ್ಕಾವತಿ, ಕಾವೇರಿ ದಾಟಿ ಬಂಗಾಳಕೊಲ್ಲಿಗೆ ಹೋಗಬೇಕು. ನಡುವೆ ಅಣೆಕಟ್ಟೆಗಳಿವೆ, ನೂರಾರು ಕಿಲೋಮೀಟರ್ ದಾರಿಯಿದೆ, ಬಹಳಷ್ಟು ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಕುಂದಾಪುರದ ತೋಡಿಗೆ ಬಿದ್ದದ್ದು ಕಡಲು ಸೇರಲು ಒಂದು ಜೋರು ಮಳೆ ಸಾಕು. ಕಡಲ ದೃಷ್ಟಿಯಿಂದ ನೋಡಿದರೆ ಒಂದೇ ಸಾವಿರ ರೂಪಾಯಿ ಬೆಂಗಳೂರಿಗಿಂತ ಕರಾವಳಿಯ ಊರಿನಲ್ಲಿ ಜಾಸ್ತಿ ಪ್ಲಾಸ್ಟಿಕ್ ತಡೆಯುತ್ತದೆ.

ನದಿಯಲ್ಲಿ ತಡೆಯುವ ವಿಧಾನಗಳು ಹಲವು. ಅಮೆರಿಕದ ಬಾಲ್ಟಿಮೋರ್‌ನಲ್ಲಿ 2014ರಿಂದ 'ಮಿಸ್ಟರ್ ಟ್ರ್ಯಾಶ್ ವೀಲ್' ಎಂಬ ನೀರಿನ ಚಕ್ರ ಹೊಳೆ ಬಂದರನ್ನು ಸೇರುವ ಬಾಯಲ್ಲೇ ಕಸ ಎತ್ತುತ್ತಿದೆ. ಓಷನ್ ಕ್ಲೀನಪ್ ಸಂಸ್ಥೆಯೂ 2019ರಿಂದ 'ಇಂಟರ್‌ಸೆಪ್ಟರ್' ಹೆಸರಿನಲ್ಲಿ ನದಿಗಳಿಗೆ ಇಳಿದಿದೆ. ಜಕಾರ್ತಾದಲ್ಲಿ, ಮಲೇಷ್ಯಾದ ಕ್ಲಾಂಗ್ ನದಿಯಲ್ಲಿ ಈ ಯಂತ್ರಗಳಿವೆ. 2025ರಲ್ಲಿ ಪ್ರಕಟಿಸಿದ 30 ನಗರಗಳ ಯೋಜನೆಯಲ್ಲಿ ಮುಂಬಯಿಯೂ ಸೇರಿದೆ. ಈ ಸಂಸ್ಥೆಯ ಮೇಲೆ ಪ್ರೀತಿ ಇರುವವರು ದುಡ್ಡು ಕೊಡುವಾಗ ನದಿ ಕೆಲಸಕ್ಕೇ ಹೋಗುವಂತೆ ಕೇಳಿ ನೋಡಿ.

ಇಷ್ಟು ದೊಡ್ಡ ಯಂತ್ರ ಎಲ್ಲ ಕಡೆ ಬೇಕಿಲ್ಲ. ಬೆಂಗಳೂರಿನ ಆಲ್ಫಾಮರ್ಸ್ ಕಂಪನಿ ಚೆನ್ನೈನ ಕೂವಂ ನದಿಯಲ್ಲಿ ತೇಲುವ ಲೋಹದ ಬೇಲಿ ಹಾಕಿದೆ. ಬೇಲಿಯನ್ನು ಓರೆಯಾಗಿ ಕಟ್ಟುತ್ತಾರೆ. ನೀರಿನ ಹರಿವೇ ಕಸವನ್ನು ದಡಕ್ಕೆ ತಳ್ಳುತ್ತದೆ, ಅಲ್ಲಿಂದ ಎತ್ತಿದರಾಯಿತು. ಇಂಧನ ಬೇಡ, ರಿಪೇರಿ ಕಡಿಮೆ.

ತೊಂದರೆಗಳೂ ಇವೆ. ಬೇಲಿಗೆ ಪ್ಲಾಸ್ಟಿಕ್ಕಿಗಿಂತ ಜಾಸ್ತಿ ಅಂತರಗಂಗೆ, ಸೊಪ್ಪು, ಕಟ್ಟಿಗೆ ಸಿಗುತ್ತದೆ. 'ಇಷ್ಟು ಟನ್ ಎತ್ತಿದೆವು' ಅಂದಾಗ ಅದರಲ್ಲಿ ಪ್ಲಾಸ್ಟಿಕ್ ಎಷ್ಟು, ಒಣಗಿಸಿದ ಮೇಲೆ ತೂಗಿದ್ದಾ ಅಂತ ಕೇಳಲೇಬೇಕು. ನಮ್ಮ ಕರಾವಳಿಯ ಮಳೆಗಾಲದ ನೆರೆಗೆ ಬೇಲಿ ಕಿತ್ತುಹೋಗುವ ಭಯ ಬೇರೆ. ಕಸ ಅತಿ ಹೆಚ್ಚು ಬರುವುದೂ ಅದೇ ನೆರೆಯ ಜೊತೆಗೆ. ಇನ್ನು ಉದ್ಘಾಟನೆಯ ದಿನ ದುಡ್ಡು ಕೊಡಲು ಬೇಕಾದಷ್ಟು ಜನ ಇರುತ್ತಾರೆ, ಮೂರನೇ ವರ್ಷ ದಿನಾ ಕಸ ಎತ್ತುವವರ ಸಂಬಳಕ್ಕೆ ಯಾರೂ ಇರುವುದಿಲ್ಲ. ಹಾಗಾಗಿ ಇದು ಲಕ್ಷಗಳಲ್ಲಿ ಕೊಡಬಲ್ಲ ಕಂಪನಿಗೆ, ರೋಟರಿಯಂಥ ಕ್ಲಬ್ಬಿಗೆ, ಅಪಾರ್ಟ್‌ಮೆಂಟ್ ಸಂಘಗಳ ಒಕ್ಕೂಟಕ್ಕೆ ಹೇಳಿ ಮಾಡಿಸಿದ ಆಯ್ಕೆ. ಬೇಲಿಯ ಜೊತೆಗೆ ಕನಿಷ್ಠ ಮೂರು ವರ್ಷದ ಕೂಲಿ, ಸಾಗಣೆ ಸೇರಿಸಿ ಒಪ್ಪಂದ ಮಾಡಿಕೊಳ್ಳಿ.

ಬೀಚ್ ಸ್ವಚ್ಛತೆ

ದುಡ್ಡಿಲ್ಲ, ಸಮಯ ಇದೆ ಅನ್ನುವವರು ಹೆಚ್ಚಾಗಿ ಬರುವುದು ಇಲ್ಲಿಗೆ. ಪ್ರತಿ ವರ್ಷ ಸೆಪ್ಟೆಂಬರ್‌ನ ಮೂರನೇ ಶನಿವಾರ ಜಗತ್ತಿನ ಹಲವು ದೇಶಗಳಲ್ಲಿ ನಡೆಯುವ ಕರಾವಳಿ ಸ್ವಚ್ಛತಾ ದಿನ 1986ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಶುರುವಾದದ್ದು. ಓಷನ್ ಕನ್ಸರ್ವೆನ್ಸಿ ಸಂಸ್ಥೆ ಅದನ್ನು ನಡೆಸುತ್ತದೆ. ಅದರ ನಿಜವಾದ ಬೆಲೆ ಇರುವುದು ಎಣಿಕೆಯಲ್ಲಿ. ಏನೇನು ಸಿಕ್ಕಿತು ಅಂತ ಒಂದೊಂದನ್ನೂ ಬರೆದಿಡುತ್ತಾರೆ.

ಮುಂಬಯಿಯ ವರ್ಸೋವಾ ಬೀಚಿನ ಕಥೆ ನೀವೂ ಕೇಳಿರಬಹುದು. ವಕೀಲ ಅಫ್ರೋಜ್ ಶಾ 2015ರಲ್ಲಿ ಶುರುಮಾಡಿದ ಕೆಲಸಕ್ಕೆ ಸಾವಿರಾರು ಜನ ಕೈಜೋಡಿಸಿದರು. 2018ರಲ್ಲಿ ಅಲ್ಲಿ ಕಡಲಾಮೆಯ ಮರಿಗಳು ಮತ್ತೆ ಕಾಣಿಸಿದವು. ಆದರೆ ಎತ್ತಿದಷ್ಟೂ ಕಸ ಬರುತ್ತಲೇ ಇತ್ತು. ಕೊನೆಗೆ ಅವರ ತಂಡ ಮೀಠಿ ನದಿಗೂ ಇಳಿಯಿತು. ಸೋರುವ ಹೆಂಚು ಬದಲಿಸದೆ ನೆಲ ಒರೆಸುತ್ತಾ ಕೂರಲು ಆಗುವುದಿಲ್ಲ ಅಲ್ವಾ?

ಹಾಗಂತ ಬೀಚ್ ಸ್ವಚ್ಛತೆ ದಂಡ ಅಂತ ಖಂಡಿತ ಹೇಳುವುದಿಲ್ಲ. ದಡದಲ್ಲಿ ಬಿದ್ದದ್ದು ಮುಂದಿನ ಅಲೆಗೆ ಮತ್ತೆ ಒಳಗೆ ಹೋಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಕಡಲೇ ತಂದು ಕೊಟ್ಟದ್ದನ್ನು ಎತ್ತಿಕೊಳ್ಳುವುದು ಹಡಗು ಕಳಿಸುವುದಕ್ಕಿಂತ ಎಷ್ಟೋ ಅಗ್ಗ. 2021ರ ಕೊನೆಯಲ್ಲಿ ಯೂಟ್ಯೂಬರ್‌ಗಳು ನಡೆಸಿದ 'ಟೀಮ್ ಸೀಸ್' ಅಭಿಯಾನದಲ್ಲಿ ಒಂದು ಡಾಲರಿಗೆ ಒಂದು ಪೌಂಡ್ ಕಸ ಅನ್ನುವ ಮಾತು ಕೊಟ್ಟು ಮೂರು ಕೋಟಿ ಡಾಲರ್ ಎತ್ತಿದರು. ಅಂದರೆ ಕಿಲೋಗೆ ಎರಡು ಡಾಲರ್ ಚಿಲ್ಲರೆ. ಆ ದುಡ್ಡು ಬೀಚ್ ಮತ್ತು ನದಿ ಕೆಲಸಗಳಿಗೆ ಹೋಯಿತು. ಮೇಲೆ ಹೇಳಿದ 90 ಡಾಲರ್ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ.

ಬೀಚಿಗೆ ಹೋಗುವವರಿಗೆ ಎರಡು ಮಾತು. ಎತ್ತುವಾಗಲೇ ಬೇರೆ ಬೇರೆ ಚೀಲಕ್ಕೆ ಹಾಕಿ. ಮರಳು, ಚಪ್ಪಲಿ, ಥರ್ಮೋಕೋಲ್, ಬಾಟಲಿ ಎಲ್ಲ ಒಟ್ಟಿಗೆ ತುಂಬಿದ ಚೀಲವನ್ನು ಯಾವ ಗುಜರಿಯವರೂ ಮುಟ್ಟುವುದಿಲ್ಲ. ಇನ್ನೊಂದು, ಕಂಪನಿಗಳ ಹೆಸರು ಬರೆದುಕೊಳ್ಳಿ. ಯಾವ ಬ್ರ್ಯಾಂಡಿನ ಪೊಟ್ಟಣ ಎಷ್ಟು ಸಿಕ್ಕಿತು ಅನ್ನುವ ಪಟ್ಟಿಗೆ ಬ್ರ್ಯಾಂಡ್ ಆಡಿಟ್ ಅನ್ನುತ್ತಾರೆ. ಪ್ಯಾಕಿಂಗ್ ವಾಪಸ್ ಪಡೆಯುವ ಹೊಣೆ ಕಾನೂನಿನ ಪ್ರಕಾರ ತಯಾರಕರ ಮೇಲಿದೆ. ಆ ಪಟ್ಟಿಯನ್ನು ಪಂಚಾಯ್ತಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟರೆ ನಿಮ್ಮ ಬೆಳಗ್ಗಿನ ಎರಡು ಗಂಟೆಗೆ ಬೀಚಿನಾಚೆಗೂ ಬೆಲೆ ಬರುತ್ತದೆ. ಮತ್ತೆ, ಕಡಲಾಮೆ ಮೊಟ್ಟೆಯಿಡುವ ಕಾಲದಲ್ಲಿ ಜೆಸಿಬಿ, ಟ್ರ್ಯಾಕ್ಟರ್ ಇಳಿಸಿ ಮರಳು ಕೆದಕುವ ಅಭಿಯಾನಗಳಿಗೆ ದಯವಿಟ್ಟು ಸೇರಬೇಡಿ.

ಬಲೆ ಎತ್ತುವವರು

ಹಿಡಿಯುವುದಾದರೆ ಕಡಲಿಗೆ ಸೇರುವ ಮುಂಚೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಬಲೆ ನದಿಯಿಂದ ಬರುವುದಲ್ಲ, ಕಡಲಿನಲ್ಲೇ ಕಳೆದುಹೋಗುವುದು. ಬಂಡೆಗೆ ಸಿಕ್ಕಿ ಹರಿಯುತ್ತದೆ, ಬಿರುಗಾಳಿಗೆ ಕಿತ್ತುಹೋಗುತ್ತದೆ, ಇನ್ನೊಂದು ಬೋಟು ಮೇಲೆ ಹಾದು ತುಂಡಾಗುತ್ತದೆ. ಲಕ್ಷಾಂತರ ರೂಪಾಯಿಯ ಒಳ್ಳೆ ಬಲೆಯನ್ನು ಮೀನುಗಾರರು ಸಾಮಾನ್ಯವಾಗಿ ಬೇಕಂತ ಬಿಡುವುದಿಲ್ಲ. ನೈಲಾನ್ ನೀರಿಗಿಂತ ಭಾರ. ತಳಕ್ಕೆ ಇಳಿದು ವರ್ಷಗಟ್ಟಲೆ ಮೀನು, ಏಡಿ ಹಿಡಿಯುತ್ತಲೇ ಇರುತ್ತದೆ. ಪಾಲಿಥೀನ್ ಬಲೆ ತೇಲುತ್ತಾ ಆಮೆಗಳನ್ನು ಸುತ್ತಿಕೊಳ್ಳುತ್ತದೆ. ಮಾಲ್ಡೀವ್ಸ್‌ನಲ್ಲಿ 2013ರಲ್ಲಿ ಶುರುವಾದ 'ಆಲಿವ್ ರಿಡ್ಲಿ ಪ್ರಾಜೆಕ್ಟ್' ಹಾಗೆ ಸಿಕ್ಕಿಕೊಂಡ ಆಮೆಗಳಿಗೆ ಚಿಕಿತ್ಸೆ ಕೊಡುತ್ತದೆ, ಬಲೆಗಳು ಎಲ್ಲಿಂದ ಬಂದವು ಅಂತಲೂ ಹುಡುಕುತ್ತದೆ. ಕೈಕಾಲು ಕಳೆದುಕೊಂಡು ಬರುವ ಆಮೆಗಳೇ ಹಲವು.

ಮುಳುಗಿ ಬಲೆ ಎತ್ತುವುದು ಅಪಾಯದ ಕೆಲಸ. ತರಬೇತಿ ಇಲ್ಲದ ಡೈವರ್‌ಗಳ ಕೈಲಿ ಮಾಡಿಸುವ ಗುಂಪುಗಳಿಂದ ದೂರ ಇರಿ. ಕಿಲೋ ಲೆಕ್ಕದಲ್ಲಿ ದುಬಾರಿ, ಆದರೆ ಉಳಿಯುವ ಜೀವಗಳ ಲೆಕ್ಕದಲ್ಲಿ ಇದಕ್ಕೆ ಸಾಟಿ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಇನ್ನೊಂದು ಸರಳ ದಾರಿಯನ್ನು ಕೇರಳ ತೋರಿಸಿದೆ. 2017ರಲ್ಲಿ ಕೊಲ್ಲಂ ಹತ್ತಿರದ ನೀಂಡಕರ ಬಂದರಿನಲ್ಲಿ 'ಶುಚಿತ್ವ ಸಾಗರಂ' ಶುರುವಾಯಿತು. ಬಲೆಗೆ ಮೀನಿನ ಜೊತೆ ಸಿಕ್ಕ ಪ್ಲಾಸ್ಟಿಕ್ಕನ್ನು ಮೀನುಗಾರರು ವಾಪಸ್ ಕಡಲಿಗೆ ಎಸೆಯದೆ ಚೀಲದಲ್ಲಿ ದಕ್ಕೆಗೆ ತರುತ್ತಾರೆ. ಹೆಂಗಸರ ತಂಡ ತೊಳೆದು ವಿಂಗಡಿಸುತ್ತದೆ. ಮರುಬಳಕೆ ಆಗದ್ದನ್ನು ಚೂರು ಮಾಡಿ ರಸ್ತೆ ಡಾಂಬರಿಗೆ ಸೇರಿಸುತ್ತಾರೆ. ಬೋಟು ಹೇಗೂ ಕಡಲಿಗೆ ಹೋಗುತ್ತದೆ, ಬಲೆ ಹೇಗೂ ತಳ ಗುಡಿಸುತ್ತದೆ. ಬೇರೆ ಡೀಸೆಲ್ ಬೇಡ. ಕಡಲೊಳಗಿಂದ ಪ್ಲಾಸ್ಟಿಕ್ ತರುವುದಕ್ಕೆ ಇದಕ್ಕಿಂತ ಅಗ್ಗದ ವಿಧಾನ ನನಗೆ ಕಾಣುವುದಿಲ್ಲ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದಲ್ಲಿ ಮೀನುಗಾರರ ಸಂಘದ ಪರಿಚಯ ಇರುವವರು ಚೀಲ, ತೂಕದ ಯಂತ್ರ, ವಿಂಗಡಿಸುವವರ ಸಂಬಳಕ್ಕೆ ದುಡ್ಡು ಹೊಂದಿಸಿದರೆ ಇಲ್ಲೂ ಸಾಧ್ಯ. ಜೂನ್, ಜುಲೈನ ಮೀನುಗಾರಿಕೆ ರಜೆಯಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲೇ ಇರುತ್ತವೆ. ಮಾತಾಡಲು ಅದೇ ಒಳ್ಳೆ ಸಮಯ.

ಊರೊಳಗೆ ಒಣ ಕಸ ವಿಂಗಡಿಸುವವರು

ಇವರ ಫೋಟೋದಲ್ಲಿ ಕಡಲೇ ಕಾಣಿಸುವುದಿಲ್ಲ. ಆದರೂ ಕಡಲಿಗೆ ಹೋಗಬೇಕಿದ್ದ ಅತಿ ಹೆಚ್ಚು ಪ್ಲಾಸ್ಟಿಕ್ ನಿಲ್ಲುವುದು ಇವರ ಕೈಯಲ್ಲೇ. ನೀರಿನ ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ, ಯಾರಾದರೂ ಆಯ್ದುಕೊಳ್ಳುತ್ತಾರೆ. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಷೆ, ಗುಟ್ಕಾ ಪೊಟ್ಟಣಕ್ಕೆ ಬೆಲೆಯೇ ಇಲ್ಲ. ತೋಡಿನಲ್ಲಿ ತೇಲುವುದು ಹೆಚ್ಚಾಗಿ ಅದೇ. ಅದನ್ನೂ ಎತ್ತಿ, ಕಟ್ಟಿ, ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿ ಕಳಿಸಬೇಕು. ಮಾರಿ ಬರುವುದೇನೂ ಇಲ್ಲ, ಕಳಿಸುವ ಖರ್ಚು ಮಾತ್ರ. ನಿಮ್ಮ ದುಡ್ಡು ಬೇಕಿರುವುದು ಸರಿಯಾಗಿ ಈ ಜಾಗದಲ್ಲಿ. ಸುಡುವುದು ಒಳ್ಳೆಯ ಕೊನೆ ಅಂತ ನಾನು ಹೇಳುತ್ತಿಲ್ಲ, ತೋಡಿಗೆ ಹೋಗುವುದಕ್ಕಿಂತ ವಾಸಿ ಅಷ್ಟೇ.

ಬೆಂಗಳೂರಿನಲ್ಲಿ ಹಸಿರು ದಳ ತ್ಯಾಜ್ಯ ಆಯುವವರನ್ನು ಸಂಘಟಿಸಿ ಅವರಿಗೆ ಗುರುತಿನ ಚೀಟಿ, ಒಣ ಕಸ ಸಂಗ್ರಹ ಕೇಂದ್ರಗಳ ಕೆಲಸ ಸಿಗಲು ದುಡಿದಿದೆ. ಸಾಹಸ್ ಸಂಸ್ಥೆ ಎರಡು ದಶಕಗಳಿಂದ ಕಸ ವಿಂಗಡಣೆಯ ಕ್ಷೇತ್ರದಲ್ಲಿದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯ್ತಿಗಳ ಒಣ ಕಸ ಒಂದೇ ಕಡೆ ವಿಂಗಡಣೆಯಾಗುತ್ತದೆ. ಪ್ರತಿ ಪಂಚಾಯ್ತಿಗೂ ಯಂತ್ರ ಕೊಳ್ಳುವ ಬದಲು ಹೀಗೆ ಸೇರಿ ಮಾಡುವುದು ಜಾಣತನ.

ಕೊರತೆ ಏನು? ಕಣ್ಣಿಗೆ ಕಟ್ಟುವಂಥದ್ದು ಏನೂ ಇಲ್ಲ. ಇಲ್ಲಿ ಎತ್ತಿದ್ದೆಲ್ಲ ಕಡಲಿಗೇ ಹೋಗುತ್ತಿತ್ತು ಅಂತ ಹೇಳಲೂ ಆಗುವುದಿಲ್ಲ. ಇದು ಪಂಚಾಯ್ತಿ, ನಗರಸಭೆಯ ಕೆಲಸ, ನಾವೇಕೆ ಕೊಡಬೇಕು ಅನ್ನುವ ಪ್ರಶ್ನೆಯೂ ನ್ಯಾಯವೇ. ಅದಕ್ಕೇ ಮಾಮೂಲಿ ಖರ್ಚಿಗೆ ಕೊಡುವ ಬದಲು ಮನೆಮನೆಗೆ ಹೋಗಿ ವಿಂಗಡಣೆ ಕಲಿಸುವ ತಂಡಕ್ಕೆ, ಕೈಗವಸು, ಆರೋಗ್ಯ ವಿಮೆಗೆ, ಬೆಲೆಯಿಲ್ಲದ ಪ್ಲಾಸ್ಟಿಕ್ ಸಾಗಿಸಲು ಕೊಡಿ.

ಬ್ರೇಸ್‌ಲೆಟ್, ಟೀ ಶರ್ಟ್, ಲೇಬಲ್

ಇದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬ್ರೇಸ್‌ಲೆಟ್ ಮಾರುವ ಫೋರ್‌ಓಷನ್‌ನಂಥವು ಲಾಭದ ಕಂಪನಿಗಳು, ದಾನದ ಸಂಸ್ಥೆಗಳಲ್ಲ. ಕಸ ಎತ್ತುತ್ತಾರೆ, ನಿಜ. ಆದರೆ ನಿಮ್ಮ ದುಡ್ಡಿನಲ್ಲಿ ಒಂದು ಪಾಲು ವಸ್ತು ತಯಾರಿಸಲು, ಜಾಹೀರಾತಿಗೆ, ಅಂಚೆಗೆ ಹೋಗುತ್ತದೆ. ಬೇಕಾದ ವಸ್ತುವಾದರೆ ಕೊಳ್ಳಿ, ದಾನ ಅಂದುಕೊಂಡು ಬೇಡ. 'ಓಷನ್ ಬೌಂಡ್' ಅನ್ನುವ ಲೇಬಲ್ ನೋಡಿ ಕಡಲಿಂದ ಎತ್ತಿದ್ದು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಕರಾವಳಿಯಿಂದ 50 ಕಿಲೋಮೀಟರ್ ಒಳಗೆ ನೆಲದ ಮೇಲೆ ಆಯ್ದದ್ದು. ಆಯ್ದವರಿಗೆ ನ್ಯಾಯವಾದ ಬೆಲೆ ಸಿಕ್ಕಿದ್ದರೆ ಅದೂ ಒಳ್ಳೆಯದೇ.

ನಿಮಗೆ ಯಾವುದು?

ತಿಂಗಳಿಗೆ ಐನೂರರಿಂದ ಎರಡು ಸಾವಿರ ಕೊಡಬಲ್ಲವರು ಕರಾವಳಿ ಜಿಲ್ಲೆಗಳಲ್ಲಿ ಒಣ ಕಸ ನೋಡಿಕೊಳ್ಳುವ ಸಂಸ್ಥೆಯೊಂದನ್ನು ಆರಿಸಿ ತಿಂಗಳು ತಿಂಗಳು ಕೊಡಿ. ಸಂಬಳ ತಿಂಗಳಿಗೊಮ್ಮೆ ಕೊಡಬೇಕಲ್ಲ, ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ಇದು ಅವರಿಗೆ ಆಸರೆ. ಒಂದೇ ಸಲ ಹತ್ತಿಪ್ಪತ್ತು ಸಾವಿರ ಇದೆ, ಜೀವಿಗಳ ಮೇಲೆ ಪ್ರೀತಿ ಜಾಸ್ತಿ ಅನ್ನುವವರು ಬಲೆ ಎತ್ತುವವರಿಗೆ, ಆಮೆ ಉಳಿಸುವವರಿಗೆ ಕೊಡಿ. ಲಕ್ಷಗಳಲ್ಲಿ ಕೊಡುವ ಕಂಪನಿಗೆ ನದಿಯ ಬೇಲಿ, ಇಲ್ಲಾ ಬಂದರಿನಲ್ಲಿ ನೀಂಡಕರದಂಥ ವ್ಯವಸ್ಥೆ. ಸಮಯ ಮಾತ್ರ ಇರುವವರು ಮನೆ ಹತ್ತಿರದ ಬೀಚು, ತೋಡು ನೋಡಿಕೊಳ್ಳಿ. ಬೆಂಗಳೂರಿನಿಂದ ಕಾರಿನಲ್ಲಿ ಗೋಕರ್ಣಕ್ಕೆ ಬಂದು ಎರಡು ಚೀಲ ಎತ್ತುವ ಬದಲು ನಿಮ್ಮ ಬಡಾವಣೆಯ ರಾಜಕಾಲುವೆಗೆ ಬೀಳುವುದನ್ನು ತಡೆದರೆ ಸಾಕು.

ತೆರಿಗೆ ವಿಷಯ. ದಾನಕ್ಕೆ ಸಿಗುವ ತೆರಿಗೆ ವಿನಾಯಿತಿ (80ಜಿ ಅಂತ ಹೆಸರಾದದ್ದು) ಭಾರತದಲ್ಲಿ ನೋಂದಾಯಿಸಿದ ಅರ್ಹ ಸಂಸ್ಥೆಗಳಿಗೆ ಕೊಟ್ಟರೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ. ವಿದೇಶಿ ಸಂಸ್ಥೆಗೆ ಕೊಟ್ಟರೆ ಇಲ್ಲ. ಎರಡು ಸಾವಿರಕ್ಕಿಂತ ಜಾಸ್ತಿ ನಗದಾಗಿ ಕೊಟ್ಟರೂ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಇಲ್ಲಿನ ಸಂಸ್ಥೆಗೆ ಕೊಡಬಹುದು, ಅದು ವಿದೇಶಿ ದೇಣಿಗೆ ಅನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೇ ಕೊಡಬೇಕು. ಮೊದಲು ಕೇಳಿಕೊಂಡು ಕಳಿಸಿ, ಇಲ್ಲವಾದರೆ ಸಂಸ್ಥೆಗೆ ತೊಂದರೆ.

ಯಾರಿಗೆ ಕೊಡುವ ಮುಂಚೆಯೂ ಒಂದು ಮೆಸೇಜ್ ಹಾಕಿ: 'ಹೋದ ವರ್ಷ ಎತ್ತಿದ ಪ್ಲಾಸ್ಟಿಕ್ಕಿನ ಒಣ ತೂಕ ಎಷ್ಟು? ಅದರಲ್ಲಿ ಮರುಬಳಕೆಗೆ, ಸಿಮೆಂಟ್ ಕಾರ್ಖಾನೆಗೆ, ಗುಂಡಿಗೆ ಹೋದದ್ದು ಎಷ್ಟೆಷ್ಟು? ಕೆಲಸ ಮಾಡುವವರಿಗೆ ಸಂಬಳ, ವಿಮೆ ಇದೆಯಾ?' ಎಲ್ಲವೂ ಮರುಬಳಕೆ ಆಯಿತು ಅನ್ನುವವರನ್ನು ನಂಬಬೇಡಿ, ಕಡಲ ಕಸದಲ್ಲಿ ಅದು ಆಗದ ಮಾತು. ಇಷ್ಟು ಗುಂಡಿಗೆ ಹೋಯಿತು ಅಂತ ಒಪ್ಪಿಕೊಳ್ಳುವವರಿಗೆ ಧೈರ್ಯವಾಗಿ ಕೊಡಿ.

ಕೊಡುವುದಾದರೆ ಮಾರ್ಚ್, ಏಪ್ರಿಲ್‌ನಲ್ಲೇ ಕೊಡಿ. ಮುಂಗಾರಿನ ಮೊದಲ ಮಳೆಗೆ ಎಂಟು ತಿಂಗಳಿಂದ ತೋಡಿನಲ್ಲಿ ಸೇರಿದ್ದೆಲ್ಲ ಒಟ್ಟಿಗೆ ಹೊರಡುತ್ತದೆ. ಅಷ್ಟರೊಳಗೆ ಚೀಲ, ಜನ, ಲಾರಿ ಎಲ್ಲ ತಯಾರಾಗಿರಬೇಕು.